ಕರಿಗುಡ್ಡದ ಕಳ್ಳಿಗಳಿಗೆ ಹೆಸರಿಟ್ಟವಳು

ಪೋಸೊ ಅಮಾರ್ಗೊ
9 ಮಾರ್ಚ್ 1986

ಶ್ರೀಮತಿ ಹಸಿಂತಾ ಲೊರೇದೊ ಅವರಿಗೆ,

ನೀವು ಸಾಲ್ತಿಯೊ ನಗರದಲ್ಲಿ ತಮ್ಮನ ಮನೆಯಲ್ಲಿ ಸುಖವಾಗಿದ್ದೀರೆಂದು ಭಾವಿಸುತ್ತೇನೆ. ಸುಖವಾಗಿಲ್ಲದಿದ್ದರೆ ಅದು ನನಗೆ ಸಂಬಂಧಿಸಿದ್ದಲ್ಲ. ಏಳು ವರ್ಷದಿಂದ ಒಂದು ಸಾಲು ಬರೆಯದವಳು ಈಗ ಬರೆಯುತ್ತಿರುವುದು ಪ್ರೀತಿ ಉಕ್ಕಿ ಅಲ್ಲ, ಕೆಲಸವಿದೆ ಎಂದು. ಇದನ್ನು ಮೊದಲೇ ಹೇಳಿಬಿಡುವುದು ಮೇಲು.

ಜನವರಿಯಿಂದ ನಮ್ಮ ಮುಂದಿನ ಕೋಣೆಯಲ್ಲಿ ಒಬ್ಬ ಹುಡುಗಿ ಇದ್ದಾಳೆ. ಹೆಸರು ಅಂಪಾರೊ. ರಾಜಧಾನಿಯಲ್ಲಿ ಗಿಡಮರಗಳ ವಿದ್ಯೆ ಓದಿದವಳು. ಕರಿಗುಡ್ಡದ ಕಾಡು ಪಾಪಾಸುಕಳ್ಳಿಯನ್ನು ಅಭ್ಯಾಸ ಮಾಡಲು ಬಂದಿದ್ದಾಳೆ. "ಅದ್ರಲ್ಲಿ ಅಭ್ಯಾಸ ಮಾಡೋಕೆ ಏನಿದೆ ಮಗಳೇ, ಮುಟ್ಟಿದ್ರೆ ಚುಚ್ಚುತ್ತೆ, ಅಲ್ಲಿಗೆ ಪಾಠ ಮುಗೀತು" ಅಂದೆ. ಅವಳು ನಕ್ಕು, ಪ್ರತಿ ಗಿಡಕ್ಕೂ ತಗಡಿನ ಸಂಖ್ಯೆ ಕಟ್ಟುವುದಕ್ಕೆ ಹೊರಟಳು. ಈವರೆಗೆ ಮುನ್ನೂರು ಕಟ್ಟಿದ್ದಾಳೆ.

ವಿಷಯ ಏನೆಂದರೆ, ಊರೊಟ್ಟಿನ ಜಮೀನಿಗೆ ಈಗ ರುತಿಲಿಯೊ ಅಧ್ಯಕ್ಷ. ಮಳೆ ಬಿದ್ದ ಮೇಲೆ ಎರಡು ಟ್ರಾಕ್ಟರಿನ ನಡುವೆ ಸರಪಳಿ ಕಟ್ಟಿ ಗುಡ್ಡದ ಕಳ್ಳಿಯನ್ನೆಲ್ಲ ಎಳೆದು ಹಾಕಿ ಓಟ್ಸ್ ಬಿತ್ತಬೇಕೆಂದು ಅವನ ಹಟ. ಗುಡ್ಡದಲ್ಲಿ ಎಷ್ಟು ಬಗೆಯ ಕಳ್ಳಿ ಇದೆಯೆಂದು ಸರಿಯಾಗಿ ಬರೆದು ತೋರಿಸಿದರೆ ಸಭೆ ಒಂದು ಗಳಿಗೆ ಯೋಚಿಸಬಹುದು ಎಂದು ಹುಡುಗಿಯ ನಂಬಿಕೆ. ಅವಳ ಪುಸ್ತಕದ ಪ್ರಕಾರ ನಾಲ್ಕು ಬಗೆ. ಊರವರ ಪ್ರಕಾರ ಇಪ್ಪತ್ತಮೂರು. ಇಪ್ಪತ್ತಮೂರರ ಹೆಸರೂ ಯಾರಿಗೆ ಗೊತ್ತು ಎಂದು ಬಾವಿಯ ಹತ್ತಿರ ಕೇಳಿದಾಗ ಎಲ್ಲರೂ ನಿಮ್ಮ ಹೆಸರು ಹೇಳಿದರು. ನಾನು ಬೇರೆ ಒಂದೆರಡು ಹೆಸರು ಹೇಳಿ ನೋಡಿದೆ. ಯಾರೂ ಒಪ್ಪಲಿಲ್ಲ.

ನಿಮ್ಮ ತಾಯಿಯೂ ನೀವೂ ಇಟ್ಟ ಹೆಸರುಗಳನ್ನು ಬರೆದು ಕಳಿಸಿದರೆ ಉಪಕಾರ.

ಹಿಂದೆ ಪರಿಚಯವಿದ್ದ,
ದೊಮಿತಿಲಾ ರೆನೊವಾತೊ

*

ಸಾಲ್ತಿಯೊ
24 ಮಾರ್ಚ್

ದೊಮಿತಿಲಾ,

ನನ್ನನ್ನು ‘ನೀವು’ ಎಂದು ಬರೆಯಲು ನಾನೇನು ಸತ್ತುಹೋಗಿದ್ದೇನೆಯೇ? ಅಥವಾ ನೀನು ಶಾಲೆಗೆ ಸೇರಿದ್ದೀಯಾ?

ಅಂದು ಬಾವಿಯ ಹತ್ತಿರ ಎಲ್ಲರ ಮುಂದೆ ನಾನು ಹೇಳಿದ್ದು ನಿಜ. ನಿನ್ನ ಕಳ್ಳಿಹಣ್ಣಿನ ಬೆಲ್ಲದಲ್ಲಿ ಮರಳು ಇತ್ತು. ಹಲ್ಲಿಗೆ ಸಿಕ್ಕಿದ್ದನ್ನು ಹೇಳಿದೆ. ಅದಕ್ಕೆ ಏಳು ವರ್ಷ ಮುಖ ಊದಿಸಿಕೊಳ್ಳುವವಳಿಗೆ ಹೆಸರು ಬೇರೆ ಬೇಕಂತೆ.

ಆ ಹುಡುಗಿಗೆ ಮುಳ್ಳು ಕೀಳಲು ಬರುತ್ತದೆಯೇ? ಬರದಿದ್ದರೆ ಮೊದಲು ಅದು ಕಲಿಸು. ಹೆಸರು ಆಮೇಲೆ ನೋಡೋಣ.

ಹಸಿಂತಾ

*

ಪೋಸೊ ಅಮಾರ್ಗೊ
13 ಏಪ್ರಿಲ್

ಹಸಿಂತಾ,

ಆಯಿತು, ‘ನೀನು’. ಮರಳಿನ ಮಾತು ಈಗ ಬೇಡ, ಕೈಯಲ್ಲಿ ಕೆಲಸವಿದೆ.

ಗುಡ್ಡವೆಲ್ಲ ಹಳದಿ ಹೂ. ಹುಡುಗಿ ನನ್ನನ್ನು ಕರೆದುಕೊಂಡು ಹೋಗಿ ಒಂದು ಹೂವಿನೊಳಗೆ ಕಡ್ಡಿ ಆಡಿಸಿದಳು. ಒಳಗಿನ ಕೇಸರಗಳೆಲ್ಲ ಒಟ್ಟಿಗೆ ಬಾಗಿ ಕಡ್ಡಿಯನ್ನು ಸುತ್ತಿಕೊಂಡವು. ಜೇನು ಒಳಗೆ ಇಳಿದಾಗ ಹಾಗೆ ತಬ್ಬಿ ಮೈತುಂಬ ಪರಾಗ ಬಳಿಯುತ್ತದಂತೆ. ಐವತ್ತೆಂಟು ವರ್ಷ ಈ ಹೂವಿನ ಪಕ್ಕದಲ್ಲೇ ನಡೆದಿದ್ದೇನೆ. ಒಂದು ದಿನವೂ ಬೆರಳು ಹಾಕಿ ನೋಡಿರಲಿಲ್ಲ.

ಇನ್ನೊಂದು ಸುದ್ದಿ. ನಾವು ತಿನ್ನುವುದು ಎಲೆಯಲ್ಲವಂತೆ, ಕಾಂಡವಂತೆ. ಮುಳ್ಳೇ ಎಲೆಯಂತೆ. "ಹಾಗಾದ್ರೆ ಇಷ್ಟು ವರ್ಷ ಮೊಟ್ಟೆ ಜೊತೆ ಹುರಿದದ್ದು ಏನು?" ಅಂದೆ. "ಕಾಂಡ, ದೊಮಿತಿಲಮ್ಮ." ಊರಿನಲ್ಲಿ ಯಾರಿಗೂ ಹೇಳಲಿಲ್ಲ. ಹೇಳಿದರೆ ಊಟ ಬಿಡುತ್ತಾರೆ.

ಅವಳು ನನಗೂ ಕೆಲಸ ಕೊಟ್ಟಿದ್ದಾಳೆ. ನರಿಯ ಹಿಕ್ಕೆ ಆರಿಸುವುದು. ಹಣ್ಣಿನಿಂದ ತೆಗೆದು ತೊಳೆದ ಬೀಜ ಮೊಳೆಯುವುದೇ ಅಪರೂಪ. ನರಿಯ ಹೊಟ್ಟೆಯೊಳಗೆ ಹಾದು ಬಂದದ್ದು ಬೇಗ ಮೊಳೆಯುತ್ತದೋ ಎಂದು ಕುಂಡದಲ್ಲಿ ಇಟ್ಟು ನೋಡುತ್ತಿದ್ದಾಳೆ. ಹೋದ ವಾರ ಚೀಲ ತುಂಬಿಕೊಂಡು ಇಳಿಯುತ್ತಿದ್ದಾಗ ಪಾದ್ರಿ ಎದುರಾದರು. ಚೀಲದಲ್ಲಿ ಏನೆಂದು ಕೇಳಿದರು. ಇದ್ದದ್ದು ಹೇಳಿದೆ. "ಊರಿಗೆಲ್ಲ ಪ್ರಾಯಶ್ಚಿತ್ತ ಕೊಡೋನು ನಾನು. ನಿಂಗೆ ಇದನ್ನ ಯಾರು ಕೊಟ್ರು?" ಅಂದರು.

ಹೆಸರು ಕಳಿಸು. ನಗುವುದು ಆಮೇಲೆ.

ದೊಮಿತಿಲಾ

*

ಸಾಲ್ತಿಯೊ
4 ಮೇ

ದೊಮಿತಿಲಾ,

ನಿನ್ನ ಕಾಗದ ಓದುತ್ತಾ ನಕ್ಕದ್ದಕ್ಕೆ ನಾದಿನಿ ಅಡಿಗೆಮನೆಯಿಂದ ಓಡಿ ಬಂದು ನನ್ನ ಹಣೆ ಮುಟ್ಟಿ ನೋಡಿದಳು. ಈ ಮನೆಯಲ್ಲಿ ನಾನು ನಕ್ಕರೆ ಜ್ವರ ಎಂದು ಲೆಕ್ಕ. ಒಳ್ಳೆಯವಳು, ಆದರೆ ಕಿಟಕಿಯಲ್ಲಿ ಕುಂಡದೊಳಗೆ ಒಂದು ಬೋಳು ಕಳ್ಳಿ ಇಟ್ಟು ದಿನಕ್ಕೆ ಎರಡು ಸಲ ನೀರು ಹಾಕುತ್ತಾಳೆ. "ಬೇಡ ಕಣೇ, ಕೊಳೆಯುತ್ತೆ" ಅಂದರೆ "ಪಾಪ ಅತ್ತಿಗೆ, ಅದಕ್ಕೂ ಬಾಯಾರುತ್ತೆ" ಅನ್ನುತ್ತಾಳೆ. ಈಗ ಅದು ಒಂದು ಪಕ್ಕಕ್ಕೆ ವಾಲಿದೆ. ನನಗೂ ಹೊತ್ತು ಹೊತ್ತಿಗೆ ಬಿಸಿ ಹಾಲು ಕೊಡುತ್ತಾಳೆ.

ಹೆಸರುಗಳನ್ನೆಲ್ಲ ಬೇರೆ ಹಾಳೆಯಲ್ಲಿ ಬರೆದಿದ್ದೇನೆ. ಗುರುತಿಗೆ ಕೆಲವು ಇಲ್ಲಿ ಹೇಳುತ್ತೇನೆ. ಪೂರ್ವದ ಅಂಚಿನಲ್ಲಿರುವುದು ‘ಪಾದ್ರಿಯ ಹೊಟ್ಟೆ’, ಎಲೆ ದುಂಡಗೆ (ಕಾಂಡವೋ ಎಂಥದೋ, ನಾನು ಎಲೆಯೆಂದೇ ಬರೆಯುತ್ತೇನೆ). ಕೆಳಗಿನ ಬಯಲಿನಲ್ಲಿ ‘ವಿಧವೆಯ ಕಿವಿ’, ತೆಳ್ಳಗೆ, ಯಾವಾಗಲೂ ದಾರಿಯ ಕಡೆಗೆ ಬಾಗಿಕೊಂಡು. ನೀರಿನ ಹಳ್ಳದ ಮೇಲೆ ‘ಬಾಣಂತಿ’, ಒಂದೊಂದು ಎಲೆಯ ಅಂಚಿಗೂ ಹತ್ತು ಹನ್ನೆರಡು ಕೆಂಪು ಹಣ್ಣು. ‘ರುತಿಲಿಯೊ’ ಎಂದು ಒಂದಿದೆ, ಮುಳ್ಳು ಜಾಸ್ತಿ, ಹಣ್ಣು ಕಡಿಮೆ, ದಾರಿಗೆ ಅಡ್ಡ. ಅವನಿಗೆ ಹೇಳಬೇಡ.

ಹುಡುಗಿಗೆ ಇದನ್ನು ತಿಳಿಸು: ಇವುಗಳಲ್ಲಿ ಒಂದನ್ನೂ ಯಾರೂ ನೆಟ್ಟಿದ್ದಲ್ಲ. ಎಲ್ಲ ಹಕ್ಕಿ, ನರಿ ತಂದು ಬಿಟ್ಟವು. ಬೀಜದಿಂದ ಹುಟ್ಟಿದ್ದು ಅಪ್ಪನ ಹಾಗೂ ಇರುವುದಿಲ್ಲ, ಅಮ್ಮನ ಹಾಗೂ ಇರುವುದಿಲ್ಲ. ಅದಕ್ಕೇ ಅಮ್ಮ ಹೆಸರಿಡಲು ಶುರುಮಾಡಿದ್ದು.

‘ದೊಮಿತಿಲಾ’ ಎಂದೂ ಒಂದಿದೆ. ನೆತ್ತಿಯಲ್ಲಿ, ಎರಡು ಬಂಡೆಗಳ ನಡುವೆ. ಅದರ ಬಗ್ಗೆ ನಾನು ಏನೂ ಬರೆಯುವುದಿಲ್ಲ. ನೀನೇ ಹತ್ತಿ ನೋಡು.

ಹಸಿಂತಾ

*

ಪೋಸೊ ಅಮಾರ್ಗೊ
25 ಮೇ

ಹಸಿಂತಾ,

ಹತ್ತಿ ನೋಡಿದೆ. ಮಂಡಿ ಎರಡು ದಿನ ಶಪಿಸಿತು.

ಹುಳಿ ಕಳ್ಳಿಗೆ ನನ್ನ ಹೆಸರು ಇಟ್ಟಿದ್ದೀಯ. ತುದಿಯಲ್ಲಿ ಒಣಗಿದ ಹಾಗೆ ಕಾಣುವ ಹಣ್ಣು ಕಿತ್ತು ಬಾಯಿಗಿಟ್ಟೆ. ಕಿವಿಯವರೆಗೆ ಜುಮ್ಮೆಂದಿತು. ನಿನ್ನನ್ನು ಬಾಯಿತುಂಬ ಬೈದೆ. ಹುಡುಗಿ ಎಲ್ಲ ಕೇಳಿಸಿಕೊಂಡು, ಹಣ್ಣನ್ನು ತಿರುಗಿಸಿ ನೋಡಿ, "ಇದು ಹೋದ ವರ್ಷದ್ದು ದೊಮಿತಿಲಮ್ಮ. ಬೇರೆ ಗಿಡದ ಹಣ್ಣೆಲ್ಲ ತಿಂಗಳಲ್ಲಿ ಉದುರಿ ಹೋಗುತ್ತೆ. ಈ ಜಾತಿ ಮಾತ್ರ ವರ್ಷವಾದ್ರೂ ಗಿಡ ಬಿಡಲ್ಲ" ಅಂದಳು.

ಇಳಿಯುವಾಗ ಅವಳು ನನ್ನನ್ನು ಎರಡು ಸಲ ಕರೆದಳಂತೆ. ನನಗೆ ಕೇಳಿಸಲಿಲ್ಲ.

ಇರಲಿ. ನಿನ್ನ ಇಪ್ಪತ್ತಮೂರರಲ್ಲಿ ಹತ್ತೊಂಬತ್ತು ಸಿಕ್ಕಿವೆ. ಪುಸ್ತಕದಲ್ಲಿ ಇಲ್ಲದ್ದು ಇಲ್ಲಿದೆಯೆಂದು ಹುಡುಗಿಗೆ ನಿದ್ದೆ ಇಲ್ಲ. ರುತಿಲಿಯೊ ಜಗ್ಗುವುದಿಲ್ಲ. "ಕಳ್ಳಿಯನ್ನ ಎಲ್ಲಿ ಬಿಸಾಕಿದ್ರೂ ಚಿಗುರುತ್ತೆ. ಸಾಯದೇ ಇರೋದನ್ನ ಉಳಿಸ್ತೀನಿ ಅಂತೀಯಲ್ಲ, ನಿಂಗೆ ಬೇರೆ ಕೆಲಸ ಇಲ್ವಾ ತಾಯಿ?" ಎಂದು ಅಂಗಡಿಯ ಮುಂದೆ ಅವಳನ್ನು ಕೇಳಿದ. ಅವಳು ಹೇಳಿದಳು, "ಬಿಸಾಕಿದ ತುಂಡು ಹಳೇ ಗಿಡವೇ ಮತ್ತೆ ಆಗುತ್ತೆ, ಯಜಮಾನ್ರೇ. ಹೊಸದು ಬೀಜದಿಂದಲೇ ಆಗಬೇಕು. ಇಡೀ ಗುಡ್ಡದಲ್ಲಿ ಈ ವರ್ಷದ ಸಸಿ ಮೂವತ್ತನಾಲ್ಕು. ಎಲ್ಲಾ ಜಾಲಿ ನೆರಳಿನಲ್ಲಿ. ಜಾಲೀನೂ ಎಳೆದ್ರೆ ಒಂದೂ ಇರಲ್ಲ." ಅವನು ಟೋಪಿ ಸರಿಮಾಡಿಕೊಂಡು ಹೋದ.

ಜೂನ್ ಹದಿನೈದು, ಭಾನುವಾರ, ಸಭೆ. ಜಮೀನಿನಲ್ಲಿ ನಿನ್ನ ಗಂಡನಿಗಿದ್ದ ಹಕ್ಕು ಈಗಲೂ ನಿನ್ನ ಹೆಸರಿಗೇ ಇದೆ. ಮತ ಹಾಕುವವರು ಸ್ವತಃ ಬರಬೇಕಂತೆ. ಸುಮ್ಮನೆ ತಿಳಿಸಿದೆ. ಬರಬೇಕೆಂದೇನೂ ಇಲ್ಲ.

ದೊಮಿತಿಲಾ

*

ಸಾಲ್ತಿಯೊ
5 ಜೂನ್

ದೊಮಿತಿಲಾ,

ಬರಬೇಕೆಂದೇನೂ ಇಲ್ಲ ಎಂದು ಬರೆದಿದ್ದೀಯ. ಹಾಗಾಗಿ ಬರುವುದಿಲ್ಲ.

ಕುಂಡದ ಕಳ್ಳಿ ಸತ್ತಿತು. ನಾದಿನಿ ಅತ್ತಳು. ಅದೇ ಕುಂಡಕ್ಕೆ ಪ್ಲಾಸ್ಟಿಕ್ ಹೂ ತಂದಿಟ್ಟಿದ್ದಾಳೆ. ಅದಕ್ಕೂ ನೀರು ಹಾಕುತ್ತಾಳೋ ಎಂದು ಕಾಯುತ್ತಿದ್ದೇನೆ.

ಹಸಿಂತಾ

*

ಪೋಸೊ ಅಮಾರ್ಗೊ
16 ಜೂನ್

ಹಸಿಂತಾ,

ಸಭೆ ನಡೆಯಲಿಲ್ಲ. ವಿಶ್ವಕಪ್ಪಿನಲ್ಲಿ ನಮ್ಮವರಿಗೂ ಬಲ್ಗೇರಿಯಾದವರಿಗೂ ಅದೇ ಭಾನುವಾರ ಮಧ್ಯಾಹ್ನ ಆಟ. ಮರದ ಕೆಳಗೆ ಹಾಕಿದ ಬೆಂಚಿನಲ್ಲಿ ರುತಿಲಿಯೊ, ಮೇಷ್ಟ್ರು ಎಲಿಸೆಯೊ, ನಾನು, ಹುಡುಗಿ, ಒಂದು ನಾಯಿ. ಉಳಿದವರೆಲ್ಲ ಅಂಗಡಿಯ ಟೀವಿಯ ಮುಂದೆ. ಹತ್ತು ನಿಮಿಷ ಕಾದು ಮೇಷ್ಟ್ರು ಎದ್ದರು. ಆಮೇಲೆ ನಾಯಿ. ಕೊನೆಗೆ ರುತಿಲಿಯೊ ಕೂಡ ಕಾಗದಪತ್ರ ಕಂಕುಳಲ್ಲಿ ಇಟ್ಟುಕೊಂಡು ಹೋದ. ನಾವು ಎರಡು ಗೋಲಿನಿಂದ ಗೆದ್ದೆವು. ಕಳ್ಳಿಗೆ ಜುಲೈ ಆರರವರೆಗೆ ಆಯುಷ್ಯ ಸಿಕ್ಕಿತು.

ಇನ್ನೊಂದು ವಿಷಯ. ಯಾರಿಗೂ ಹೇಳಿಲ್ಲ, ನಿನಗೆ ಹೇಳುತ್ತೇನೆ.

ಆ ಮೂವತ್ತನಾಲ್ಕು ಸಸಿಗಳಲ್ಲಿ ಈಗ ಒಂಬತ್ತು ಉಳಿದಿವೆ. ಹುಡುಗಿ ಮೊಣಕಾಲೂರಿ ನೆಲ ನೋಡಿ ಗೊರಸಿನ ಗುರುತು ಅಳೆಯುತ್ತಿದ್ದಳು. ನಾನು ಅಳೆಯಬೇಕಾಗಿರಲಿಲ್ಲ. ಒಂದು ಗೊರಸಿನ ತುದಿ ಮುರಿದ ಮೇಕೆ ಈ ಊರಿನಲ್ಲಿ ಒಂದೇ ಇರುವುದು, ನನ್ನ ರೆಯ್ನಾ. ರುತಿಲಿಯೊನ ಟ್ರಾಕ್ಟರು ಬರುವ ಮೊದಲೇ ನನ್ನ ಹನ್ನೆರಡು ಮೇಕೆ ಅರ್ಧ ಕೆಲಸ ಮುಗಿಸಿವೆ. ಐವತ್ತೇಳನೆಯ ಗಿಡದ ತಗಡನ್ನೂ ರೆಯ್ನಾ ನುಂಗಿದ್ದಾಳೆ. ಹುಡುಗಿಗೆ ಗೊತ್ತಾಗಿದೆ ಅನಿಸುತ್ತದೆ. ನನ್ನ ಮನೆಯ ಹಾಲು ಕುಡಿಯುವವಳು, ಅದಕ್ಕೇ ಬಾಯಿ ಬಿಡುವುದಿಲ್ಲ. ಮೊನ್ನೆ ಹಾಲಿನ ಲೋಟ ಹಾಗೇ ಬಿಟ್ಟು ಎದ್ದುಹೋದಳು.

ಏನು ಮಾಡಲಿ?

ದೊಮಿತಿಲಾ

*

ಸಾಲ್ತಿಯೊ
27 ಜೂನ್

ದೊಮಿತಿಲಾ,

ಮೇಕೆ ಕಟ್ಟು. ಇದಕ್ಕೂ ಕಾಗದ ಬರೆದು ಕೇಳಬೇಕೇ? ರುತಿಲಿಯೊ ಹೇಳುವ ಮೊದಲು ನೀನೇ ಹೇಳು.

ಜೊತೆಗಿರುವ ಅಂಟಿಸಿದ ಲಕೋಟೆ ಮೇಷ್ಟ್ರು ಎಲಿಸೆಯೊಗೆ. ಸಭೆಯಲ್ಲೇ ಒಡೆದು ಓದಬೇಕು. ನೀನು ಆವಿ ಹಿಡಿದು ಬಿಚ್ಚಿದರೆ ನನಗೆ ಗೊತ್ತಾಗುತ್ತದೆ.

ಹಸಿಂತಾ

*

ಪೋಸೊ ಅಮಾರ್ಗೊ
7 ಜುಲೈ

ಪ್ರಿಯ ಹಸಿಂತಾ,

ಬಿಚ್ಚಲಿಲ್ಲ. ನೀರು ಕಾಯಿಸಿದ್ದು ನಿಜ, ಆದರೆ ಕಾಫಿ ಮಾಡಿಕೊಂಡೆ.

ನಿನ್ನೆ ಹಕ್ಕುದಾರರು ಇಪ್ಪತ್ತೊಂಬತ್ತು ಮಂದಿ ಬಂದಿದ್ದರು. ಹೆಂಗಸರು ಗೋಡೆ ಹತ್ತಿರ ನಿಂತಿದ್ದರು. ರುತಿಲಿಯೊ ಓಟ್ಸಿನ ಮಹಿಮೆ ಹೇಳಿದ. ಹುಡುಗಿ ಎದ್ದು ಬೀಜ, ಜೇನು, ಕಳ್ಳಿಯ ಬುಡದಲ್ಲಿ ಗೂಡು ಕಟ್ಟುವ ಇಲಿ, ಮುಳ್ಳಿನೊಳಗೆ ಮೊಟ್ಟೆಯಿಡುವ ಹಕ್ಕಿ, ಎಲ್ಲ ಹೇಳಿದಳು. ಚೆನ್ನಾಗಿಯೇ ಹೇಳಿದಳು. ಆದರೆ ‘ಶೇಕಡಾ’ ಎಂಬ ಮಾತು ಬಂದಾಗಲೆಲ್ಲ ಒಬ್ಬೊಬ್ಬರ ತಲೆ ಎದೆಗೆ ಬೀಳುತ್ತಿತ್ತು. ಇಲಿಯ ಮಾತಿಗೆ ಯಾರೋ "ಇಲಿಗೂ ಮತ ಇದೆಯಾ?" ಅಂದರು.

ಆಗ ಮೇಷ್ಟ್ರು ನಿನ್ನ ಲಕೋಟೆ ಒಡೆದರು. ರುತಿಲಿಯೊ, "ಬರದೇ ಇರೋರಿಗೆ ಮತ ಇಲ್ಲ" ಅಂದ. ಮೇಷ್ಟ್ರು, "ಮತ ಇಲ್ಲ, ಸರಿ. ಬಾಯಿ ಇರಬಾರದು ಅಂತ ಎಲ್ಲೂ ಬರೆದಿಲ್ಲ" ಎಂದು ಓದಲು ಶುರುಮಾಡಿದರು.

‘ಪಾದ್ರಿಯ ಹೊಟ್ಟೆ’ಯ ಮುಳ್ಳು ಸುಟ್ಟು ಬರದ ವರ್ಷ ಊರಿನ ಹಸುಗಳಿಗೆ ತಿನ್ನಿಸಿದ್ದು, ಆ ಹಾಲು ಕುಡಿದು ಬದುಕಿದ ಕೂಸುಗಳ ಹೆಸರು, ಒಂದೊಂದಾಗಿ. ಹೆಸರು ಬಂದವರೆಲ್ಲ ತಲೆಯೆತ್ತಿ ಕೂತರು. ಆಮೇಲೆ ‘ಬಾಣಂತಿ’. ಅದರ ಹಣ್ಣಿನ ಹೆಂಡ ಕುಡಿದು ಯಾರ ಮದುವೆಯಲ್ಲಿ ಯಾರು ಯಾರ ಕುದುರೆ ಹತ್ತಿದರು ಎಂಬುದು. ಜನ ನಗಲು ಶುರುಮಾಡಿದರು. ಆಮೇಲೆ ನೀನು ಬರೆದದ್ದನ್ನು ಮೇಷ್ಟ್ರು ಒಂದೊಂದೇ ಪದವಾಗಿ ಓದಿದರು: "ಹಳ್ಳದ ದಾರಿಯ ದೊಡ್ಡ ಕಳ್ಳಿ. 1951ರ ಆಗಸ್ಟಿನಲ್ಲಿ ನಮ್ಮ ಈಗಿನ ಅಧ್ಯಕ್ಷರು, ವಯಸ್ಸು ಹದಿನೇಳು, ಒಂದು ಹುಡುಗಿಯ ಜೊತೆ ಇದರ ಹಿಂದೆ ಇದ್ದಾಗ ಅವಳ ಅಪ್ಪ ಬಂದ. ಅಧ್ಯಕ್ಷರು ಹಿಂದೆ ನೋಡದೆ ಹಿಂದಕ್ಕೆ ಸರಿದು, ಕಳ್ಳಿಯ ಮೇಲೆ ಕುಳಿತರು. ನನ್ನ ಅಮ್ಮ ಎರಡು ದಿನ ಕೂತು ಮುಳ್ಳು ಕಿತ್ತಳು. ನೂರ ಹದಿನಾಲ್ಕು. ಅವರನ್ನು ಆ ಅಪ್ಪನ ಕೈಯಿಂದ ಉಳಿಸಿದ್ದು ಈ ಗಿಡ. ಹುಡುಗಿ ಯಾರು ಎಂಬುದಕ್ಕೆ ಹಾಳೆ ತಿರುಗಿಸಿ."

ಮೇಷ್ಟ್ರು ಅಲ್ಲಿಗೆ ನಿಲ್ಲಿಸಿ ಕನ್ನಡಕ ಒರೆಸಿಕೊಂಡರು. ರುತಿಲಿಯೊನ ಹೆಂಡತಿ ಒಫೇಲಿಯಾ ಗೋಡೆ ಬಿಟ್ಟು ಎರಡು ಹೆಜ್ಜೆ ಮುಂದೆ ಬಂದಳು. 1951ರಲ್ಲಿ ಅವಳು ಈ ಊರಿಗೇ ಬಂದಿರಲಿಲ್ಲವಲ್ಲ.

"ತಿರುಗ್ಸಿ ಮೇಷ್ಟ್ರೇ," ಅಂದಳು. "ಯಾಕೆ ನಿಲ್ಲಿಸಿದ್ರಿ?"

"ಸಾಕು ಸಾಕು," ಅಂದ ರುತಿಲಿಯೊ. "ಮೊದಲನೇ ಹಾಳೆಯಲ್ಲೇ ಎಲ್ಲಾ ಅರ್ಥ ಆಗಿದೆ. ಇಳಿಜಾರು ಹಾಗೇ ಇರಲಿ, ಕೆಳಗಿನ ಬಯಲಿಗೆ ಮಾತ್ರ ಓಟ್ಸ್ ಹಾಕೋಣ. ನಾನೇ ಸೂಚಿಸ್ತೀನಿ. ಆದ್ರೆ ಒಂದು ಮಾತು. ಟ್ರಾಕ್ಟರ್ ಬರಬಾರದು, ಮೇಕೆ ಮಾತ್ರ ಬರಬಹುದು ಅಂದ್ರೆ ಅದ್ಯಾವ ನ್ಯಾಯ?"

ಎಲ್ಲರೂ ನನ್ನ ಕಡೆ ನೋಡಿದರು. ನಾನು ಮುಂದೆ ಬಂದು ಹೇಳಿದೆ, "ಸಸಿ ತಿಂದಿದ್ದು ನನ್ನ ಮೇಕೆಗಳೇ. ಗೊರಸು ನಾನೇ ನೋಡಿದೀನಿ. ಮೊನ್ನೆಯಿಂದ ಕಟ್ಟಿದೀನಿ. ಮೇವು ಹೊತ್ತು ಹಾಕೋದು ಕಷ್ಟ ಅಂತ ಏಳನ್ನ ಮಾರ್ತೀನಿ. ರೆಯ್ನಾನೂ." ಹುಡುಗಿ ನೆಲ ನೋಡುತ್ತಿದ್ದಳು. ಇವತ್ತು ಬೆಳಿಗ್ಗೆ ಹಾಲು ಪೂರ್ತಿ ಕುಡಿದಳು.

ಪರವಾಗಿ ಹದಿನೆಂಟು ಕೈ, ವಿರುದ್ಧ ಹನ್ನೊಂದು. ಇಳಿಜಾರು ಉಳಿಯಿತು. ಬಯಲು ಹೋಗುತ್ತದೆ, ‘ವಿಧವೆಯ ಕಿವಿ’ಯೂ ಅದರ ಜೊತೆ. ಒಂದೆರಡು ತುಂಡು ತಂದು ಮೇಲೆ ಊರುತ್ತೇವೆ. ಅದೇ ಗಿಡ ಮುಂದುವರಿಯುತ್ತದೆ, ಆದರೆ ಆ ಬಯಲಿನಲ್ಲಿ ಇನ್ನು ಹೊಸದು ಹುಟ್ಟುವುದಿಲ್ಲ. ಎಲ್ಲ ಗೆದ್ದೆವು ಎಂದು ನಿನಗೆ ಸುಳ್ಳು ಬರೆಯಲಾರೆ.

ಸಭೆ ಮುಗಿದ ಮೇಲೆ ಎರಡನೆಯ ಹಾಳೆಯನ್ನು ಮೇಷ್ಟ್ರು ಮಡಚಿ ನನ್ನ ಕೈಗೆ ಕೊಟ್ಟರು. ಒಫೇಲಿಯಾ ಮನೆಯವರೆಗೂ ಹಿಂದೆ ಬಂದಳು. ಕದ ಹಾಕಿಕೊಂಡು ಓದಿದೆ. "ದೊಮಿತಿಲಾ, ಇದನ್ನು ಸಭೆಯಲ್ಲಿ ಓದಿಸಬೇಡ. ನನ್ನ ಮನೆಯ ಮಾಡು ಇದೆಯೋ ಬಿದ್ದಿದೆಯೋ?" ಇಷ್ಟೇ. ಆ ಹುಡುಗಿ ಯಾರು ಎಂದು ಒಂದಕ್ಷರವೂ ಇಲ್ಲ.

ಇದೆ. ಪಶ್ಚಿಮದ ಮೂಲೆ ಸ್ವಲ್ಪ ಕುಸಿದಿದೆ. ಮಾಡಿನ ಮಣ್ಣಿನಲ್ಲಿ ಯಾವುದೋ ಹಕ್ಕಿ ಉದುರಿಸಿದ ಬೀಜದಿಂದ ಒಂದು ಕಳ್ಳಿ ಬೆಳೆದು ಸೊಂಟದ ಎತ್ತರಕ್ಕೆ ಬಂದಿದೆ. ಹುಡುಗಿ ಏಣಿ ಹಾಕಿ ಹತ್ತಿ ಅದಕ್ಕೂ ತಗಡು ಕಟ್ಟಿಬಿಟ್ಟಿದ್ದಾಳೆ, ನಾನೂರ ಹನ್ನೆರಡು. ಈಗ ಅದನ್ನು ಕೀಳದೆ ಮಾಡು ಸರಿಮಾಡುವ ಹಾಗಿಲ್ಲ, ಅವಳು ಕೀಳಲು ಬಿಡುವುದಿಲ್ಲ.

ಹೋಗುವಾಗ ನನಗೆ ಹೇಳಬಹುದಿತ್ತು, ಹಸಿಂತಾ. ಮರಳಿನ ಮಾತಿಗೆ ನಾನು ಏಳು ವರ್ಷ ಸುಮ್ಮನಿರುವವಳಲ್ಲ.

ದೊಮಿತಿಲಾ

*

ಸಾಲ್ತಿಯೊ
20 ಜುಲೈ

ದೊಮಿತಿಲಾ,

ಹೇಳಿದ್ದರೆ ನೀನು ತಡೆಯುತ್ತಿದ್ದೆ. ತಡೆಯದೆ ಹೋಗಿದ್ದರೆ ಅದು ಇನ್ನೂ ಕಷ್ಟವಾಗುತ್ತಿತ್ತು. ನನ್ನವರು ತೀರಿಹೋಗಿ ಇಪ್ಪತ್ತು ದಿನವಾಗಿತ್ತು. ಯಾವುದನ್ನೂ ತಾಳುವ ಶಕ್ತಿ ನನಗಿರಲಿಲ್ಲ.

ಆಗಸ್ಟ್ ಎರಡರ ಶನಿವಾರದ ಬಸ್ಸಿಗೆ ಬರುತ್ತೇನೆ. ಮಾಡು ಸೋರಿದರೆ ಸೋರಲಿ. ಮಳೆ ಮುಗಿಯುವವರೆಗೆ ನಿನ್ನ ಒಳಕೋಣೆ ಖಾಲಿ ಮಾಡು. ನಾದಿನಿ ಅಳುತ್ತಿದ್ದಾಳೆ, ಬಿಸಿ ಹಾಲು ಕೈಯಲ್ಲಿ ಹಿಡಿದುಕೊಂಡು.

ಒಫೇಲಿಯಾ ಕೇಳಿದರೆ ಮರೆತುಹೋಗಿದೆ ಎಂದು ಹೇಳು. ನಿಜವಾಗಿ ನನಗೆ ಯಾವತ್ತೂ ಗೊತ್ತಿರಲಿಲ್ಲ.

ಹಸಿಂತಾ

*

ಪೋಸೊ ಅಮಾರ್ಗೊ
21 ಸೆಪ್ಟೆಂಬರ್

ಪ್ರೀತಿಯ ಅಂಪಾರೊ,

ನೀನು ವರದಿ ಬರೆಯಲು ರಾಜಧಾನಿಗೆ ಹೋದ ಮೇಲೆ ನಿನ್ನ ಕೋಣೆ ಬಿಕೋ ಎನ್ನುತ್ತಿದೆ. ನೀನು ಕೇಳಿದ ಲೆಕ್ಕ ಇಲ್ಲಿದೆ. ಮಳೆ ಚೆನ್ನಾಗಿ ಬಿದ್ದು, ಜಾಲಿಯ ಕೆಳಗೆ ಹೊಸ ಸಸಿ ನಲವತ್ತೊಂದು. ಎರಡೆರಡು ಪುಟ್ಟ ಎಲೆ. ನಿಜವಾದ ಎಲೆ, ನಾನು ಬಗ್ಗಿ ನೋಡಿದ್ದೇನೆ. ಮೇಕೆ ಮುಟ್ಟಿಲ್ಲ. ಎರಡನ್ನು ಮೊಲ ತಿಂದಿದೆ. ಮೊಲಕ್ಕೆ ಸಭೆಯ ತೀರ್ಮಾನ ತಿಳಿದಿಲ್ಲ.

ನೆತ್ತಿಯ ಬಂಡೆಯ ಪಕ್ಕದಲ್ಲಿ ಒಂದು ಸಸಿ ಬೇರೆಯೇ ಬಣ್ಣದ್ದಿದೆ, ಸ್ವಲ್ಪ ನೇರಳೆ. ಅದಕ್ಕೆ ನಿನ್ನ ಹೆಸರು ಇಡಬೇಕೆಂದು ಹಸಿಂತಾ. ಹಣ್ಣು ಹೇಗೋ, ಮುಳ್ಳು ಹೇಗೋ, ಬೆಳೆದ ಮೇಲೆ ಇಟ್ಟರಾಯಿತು, ಹಾಳು ಜಾತಿಯಾದರೆ ಹುಡುಗಿಗೆ ಅವಮಾನ ಎಂದು ನಾನು. "ನಿನ್ನ ಹೆಸರಿಡೋವಾಗ ನಾನು ಅಷ್ಟೆಲ್ಲಾ ಕಾದಿದ್ನಾ?" ಅಂದಳು. ನಾಲ್ಕು ದಿನದಿಂದ ನಮಗೆ ಮಾತಿಲ್ಲ. ಅವಳು ಅಡಿಗೆಮನೆಯಲ್ಲಿದ್ದರೆ ನಾನು ಅಂಗಳದಲ್ಲಿ, ನಾನು ಅಡಿಗೆಮನೆಗೆ ಬಂದರೆ ಅವಳು ಅಂಗಳಕ್ಕೆ. ಐದು ಮೇಕೆಗಳಿಗೂ ಏನಾಗಿದೆಯೆಂದು ಅರ್ಥವಾಗುತ್ತಿಲ್ಲ.

ಈಗ ಮೇಜಿನ ಆ ತುದಿಯಲ್ಲಿ ಕೂತು, ನಾನು ಬರೆಯುವುದನ್ನು ನೋಡದ ಹಾಗೆ ನೋಡುತ್ತಿದ್ದಾಳೆ. ಕೈ ಚಾಚಿದರೆ ಸಿಗುತ್ತಾಳೆ, ಆದರೆ ಮೊದಲು ನಾನು ಮಾತಾಡುವುದು ಸಾಧ್ಯವಿಲ್ಲ. ಆದ್ದರಿಂದ ನೀನು ದಯವಿಟ್ಟು ಅವಳಿಗೆ ಒಂದು ಕಾಗದ ಬರೆದು ತಿಳಿಸು, ರೊಟ್ಟಿ ಆರುತ್ತಿದೆ ಎಂದು.

ನಿನ್ನ,
ದೊಮಿತಿಲಮ್ಮ

ಮಗಳೇ, ಕಾಗದ ಬರೆಯುವ ಶ್ರಮ ತೆಗೆದುಕೊಳ್ಳಬೇಡ. ಇವಳು ಬರೆಯುವಾಗ ಗಟ್ಟಿಯಾಗಿ ಹೇಳಿಕೊಂಡು ಬರೆಯುತ್ತಾಳೆ, ಬೀದಿಗೆಲ್ಲ ಕೇಳಿಸಿದೆ. ನಾನು ಊಟಕ್ಕೆ ಕೂತಿದ್ದೇನೆ. ನೀನು ಇವಳಿಗೆ ಬರೆದು ತಿಳಿಸು, ಉಪ್ಪು ಸಾಲದು.
– ಹಸಿಂತಾ